ಹೋಗಿಬರುವ ರಜಾಯಿ

ಅಕ್ಟೋಬರ್ ೨೦, ಭಾನುವಾರ

ಅಕ್ಕ,

ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಈ ಮನೆಗೆ ಬಂದು ಒಂದೂವರೆ ವರ್ಷವಾದರೂ ನಾವಿಬ್ಬರೂ ಮಾತಾಡಿರುವುದು ಶಾಲೆಯ ಗೇಟಿನ ಹತ್ತಿರ ಮಾತ್ರ, ಅದೂ ನಿಮ್ಮ ಮಗಳು ಕಡ್ಡಿಯ ನೀರಿನ ಬಾಟಲಿ, ಅವಳ ಕೆಮ್ಮಿನ ಔಷಧಿಯ ವಿಷಯ. ನೀವೂ ಇವರೂ ಫೋನಿನಲ್ಲಿ ಮಾತಾಡಿದರೆ ಮೂರನೆಯ ಮಾತಿಗೆ ದನಿ ಏರುತ್ತದೆ, ಕಡ್ಡಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಇದನ್ನು ಅವಳ ಶಾಲೆಯ ಚೀಲದ ಹೊರಜೇಬಿನಲ್ಲಿಟ್ಟು ಕಳಿಸುತ್ತಿದ್ದೇನೆ. ನಿಮ್ಮಲ್ಲಿ ಎರಡು ವಾರ ಇದ್ದು ಅವಳು ಇಲ್ಲಿಗೆ ಬರುವಾಗ ನೀವೂ ಹಾಗೆಯೇ ಉತ್ತರ ಕಳಿಸಿದರೆ ಸಾಕು.

ವಿಷಯ ಇಷ್ಟೆ, ಕಡ್ಡಿಗೆ ರಾತ್ರಿ ಚಳಿಯಾಗುತ್ತಿದೆ. ನಮ್ಮದು ಮೂರನೆಯ ಮಹಡಿ, ಅವಳ ಮಂಚ ಕಿಟಕಿಯ ಪಕ್ಕ. ಕಿಟಕಿಯ ಸಂದಿಗೆ ಇವರು ಟೇಪು ಅಂಟಿಸಿದ್ದಾರೆ. ಲಿಫ್ಟ್ ರಿಪೇರಿ ಮಾಡುವವರಿಗೆ ಎಲ್ಲ ರೋಗಕ್ಕೂ ಟೇಪೇ ಔಷಧಿ, ನಿಮಗೆ ಗೊತ್ತಲ್ಲ. ಎರಡು ಕಂಬಳಿ ಹೊದಿಸಿದರೆ ಭಾರ ಎನ್ನುತ್ತಾಳೆ. ಒಂದು ಹೊದಿಸಿದರೆ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುಡಿಕೊಳ್ಳುತ್ತಾಳೆ. ಎಂಟು ವರ್ಷದ ಹುಡುಗಿ ದಿಂಬಿನಷ್ಟು ಜಾಗದಲ್ಲಿ ಮಲಗುತ್ತಾಳೆ ಅಂದರೆ ನೋಡಿ.

ಒಂದು ಬೆಚ್ಚನೆಯ ರಜಾಯಿ ಕೊಳ್ಳೋಣ ಎಂದುಕೊಂಡಿದ್ದೇವೆ. ಕೈ ಸ್ವಲ್ಪ ಬಿಗಿಯಾಗಿದೆ, ಆದ್ದರಿಂದ ಕೊಂಡು ಆಮೇಲೆ ಪಶ್ಚಾತ್ತಾಪ ಪಡುವ ಹಾಗಿಲ್ಲ. ಅಂಗಡಿಗೆ ಹೋದರೆ ಪುಕ್ಕದ್ದು, ಉಣ್ಣೆಯದು, ಪಾಲಿಯೆಸ್ಟರಿನದು ಎಂದು ರಾಶಿ ಹಾಕುತ್ತಾರೆ. ಬೇಕರಿಯಲ್ಲಿ ಕೆಲಸ ಮಾಡುವ ನನಗೆ ಹಿಟ್ಟು ಮುಟ್ಟಿದರೆ ಏನಾದರೂ ತಿಳಿದೀತು, ರಜಾಯಿ ಮುಟ್ಟಿದರೆ ಏನೂ ತಿಳಿಯದು. ನೀವು ಲಾಂಡ್ರಿಯಲ್ಲಿ ಹೊದಿಕೆಗಳ ವಿಭಾಗದಲ್ಲೇ ಇದ್ದೀರಿ. ಕಡ್ಡಿಯೂ ಅದನ್ನೇ ಹೇಳಿದಳು. "ಅಮ್ಮನ್ನ ಕೇಳು. ಅವಳು ಹೊರಗಿಂದ ಮುಟ್ಟಿ ಒಳಗೇನಿದೆ ಅಂತ ಹೇಳ್ತಾಳೆ."

ಯಾವುದು ಕೊಳ್ಳಲಿ?

ಇಂತಿ,
ಚಿಕ್ಕಿ


ನವೆಂಬರ್ ೩, ಭಾನುವಾರ

ನಮಸ್ಕಾರ.

ನನ್ನನ್ನು ಅಕ್ಕ ಎಂದು ಕರೆಯಬೇಡಿ. ನನಗೆ ತಂಗಿಯರಿಲ್ಲ. ಇದ್ದಿದ್ದರೆ ಮನೆಗೆ ಬೇರೆ ದಾರಿಯಲ್ಲಿ ಬಂದಿರುತ್ತಿದ್ದರು. ಚಿಕ್ಕಿ ಎನ್ನುವುದು ಕಡ್ಡಿ ನಿಮಗೆ ಕೊಟ್ಟ ಹೆಸರು. ಅದನ್ನು ಅವಳ ಬಾಯಲ್ಲಿ ದಿನವಿಡೀ ಕೇಳುತ್ತೇನೆ, ಕಾಗದದಲ್ಲೂ ಓದಬೇಕಾಗಿಲ್ಲ. ಇನ್ನು ನೀವು ಬರೆದ 'ಇವರು' ಯಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಪದವನ್ನು ನಾನೂ ಬಹಳ ಕಾಲ ಬಳಸಿದ್ದೆ. ಟೇಪಿನ ವಿಷಯವೂ ಗೊತ್ತು.

ರಜಾಯಿಯ ಬಗ್ಗೆ ಕೇಳಿದ್ದೀರಿ. ಕಡ್ಡಿಯ ಮೈಗೆ ಸಂಬಂಧಪಟ್ಟದ್ದಾದ್ದರಿಂದ ಸರಿಯಾಗಿಯೇ ಹೇಳುತ್ತೇನೆ.

ತೂಕಕ್ಕೆ ಮರುಳಾಗಬೇಡಿ. ಭಾರವಾದದ್ದೆಲ್ಲ ಬೆಚ್ಚಗಿರುವುದಿಲ್ಲ. ಬೆಚ್ಚಗಿಡುವುದು ಒಳಗೆ ನಿಂತ ಗಾಳಿ. ಪಾಲಿಯೆಸ್ಟರಿನದು ಅಗ್ಗ, ಆದರೆ ಕಡ್ಡಿ ಅದರಲ್ಲಿ ಮೊದಲು ಬೆವರುತ್ತಾಳೆ, ಆಮೇಲೆ ಒದೆಯುತ್ತಾಳೆ, ಬೆಳಗಿನ ಹೊತ್ತಿಗೆ ಅದು ನೆಲದ ಮೇಲೆ ಇರುತ್ತದೆ. ಉಣ್ಣೆ ಒಳ್ಳೆಯದು, ಅವಳ ಕುತ್ತಿಗೆಗೆ ನವೆ. ಅವಳಿಗೆ ಆಗುವುದು ಬಾತಿನ ಪುಕ್ಕ. ಹೊಲಿಗೆ ಚೌಕ ಚೌಕವಾಗಿರಬೇಕು, ಉದ್ದ ಪಟ್ಟೆಯದಾದರೆ ಪುಕ್ಕವೆಲ್ಲ ಕಾಲ ಬಳಿ ಜಾರಿ ಎದೆಯ ಮೇಲೆ ಬರೀ ಬಟ್ಟೆ ಉಳಿಯುತ್ತದೆ. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ನಿದ್ದೆಯಿಂದ ಎದ್ದವರ ಹಾಗೆ ತಾನಾಗಿ ಮೇಲೇಳಬೇಕು. ಮುಳ್ಳಿನಂಥದ್ದು ಚುಚ್ಚಿದರೆ ಗರಿಯ ದಂಟು ಜಾಸ್ತಿ ಇದೆ ಎಂದು ಅರ್ಥ, ಬಿಟ್ಟುಬಿಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ಇವಳ ಕಾಲು ತಿಂಗಳು ತಿಂಗಳಿಗೂ ಬೆಳೆಯುತ್ತಿದೆ, ಮಕ್ಕಳ ಅಳತೆಯದು ತೆಗೆದುಕೊಳ್ಳಬೇಡಿ. ದುಬಾರಿ ಎನಿಸಿದರೆ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿರುವುದನ್ನು ಕೇಳಿ. ಬಿಸಿಲಿಗೆ ಒಂದು ಅಂಚು ಬಣ್ಣಗೆಟ್ಟಿರುತ್ತದೆ, ಒಳಗಿನ ಪುಕ್ಕಕ್ಕೆ ಏನೂ ಆಗಿರುವುದಿಲ್ಲ. ಅಂಗಡಿಯವನು ಮೊದಲು ಇಲ್ಲ ಎನ್ನುತ್ತಾನೆ. ಹೊರಡುವ ಹಾಗೆ ಮಾಡಿ.

ನನ್ನದೊಂದು ಷರತ್ತು ಇದೆ. ಅರ್ಧ ದುಡ್ಡು ನನ್ನದು, ಲಕೋಟೆಯಲ್ಲಿದೆ. ರಜಾಯಿ ಕಡ್ಡಿಯದು, ನಿಮ್ಮ ಮನೆಯದಲ್ಲ. ಅವಳು ಎಲ್ಲಿರುತ್ತಾಳೋ ಅದೂ ಅಲ್ಲಿರಬೇಕು. ನಿಮ್ಮಲ್ಲಿ ಬಾತಿನ ಪುಕ್ಕ, ಅಮ್ಮನಲ್ಲಿ ಹಳೆಯ ಕಂಬಳಿ ಎಂದು ನನ್ನ ಮಗಳು ಲೆಕ್ಕ ಹಾಕುವುದು ಬೇಡ.

ಪುಕ್ಕದ ರಜಾಯಿಯನ್ನು ವರ್ಷಕ್ಕೊಮ್ಮೆಗಿಂತ ಹೆಚ್ಚು ಒಗೆಯಬಾರದು. ಪುಕ್ಕಕ್ಕೆ ಅದರದೇ ಒಂದು ಎಣ್ಣೆ ಇರುತ್ತದೆ, ಸೋಪು ಅದನ್ನು ತೆಗೆದುಬಿಟ್ಟರೆ ಪುಕ್ಕ ಜೀವ ಬಿಟ್ಟು ಗಂಟುಕಟ್ಟುತ್ತದೆ. ಬಿಸಿಲಿಗೆ ಹಾಕಿ ಕೊಡವಿದರೆ ಸಾಕು. ನೀವು ಒಗೆಯಲೇ ಬೇಡಿ.

ಕಡ್ಡಿಯ ಅಮ್ಮ


ನವೆಂಬರ್ ೧೭, ಭಾನುವಾರ

ಕಡ್ಡಿಯ ಅಮ್ಮನವರಿಗೆ,

ನೀವು ಬರೆದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಮೂವರೂ ಅಂಗಡಿಗೆ ಹೋದೆವು. ಅಂಗಡಿಯವನು ಮೊದಲು ಹಂಸದ ಪುಕ್ಕದ್ದನ್ನು ಹಾಸಿದ.

"ಮೇಡಂ, ಇದು ಹೊದ್ರೆ ಹಿಮದಲ್ಲಿ ಮಲಗಿದ್ರೂ ಬೆವರು ಕಿತ್ಕೊಂಡು ಬರುತ್ತೆ."

"ಹಿಮದಲ್ಲಿ ಮಲಗಲ್ಲ. ಮೂರನೇ ಮಹಡೀಲಿ ಮಲಗ್ತಾಳೆ," ಎಂದೆ.

ಅವನು ಬೆಲೆ ಹೇಳಿದ. ಕಡ್ಡಿಯ ಅಪ್ಪ (ಇನ್ನು ಹೀಗೇ ಬರೆಯುತ್ತೇನೆ) "ಹಂಸ ಜೊತೇಲಿ ಬರುತ್ತಾ?" ಎಂದು ಕೇಳಿದರು. ಆಮೇಲೆ ನಾನು ನಿಮ್ಮ ಮಾತಿನಂತೆ ಮೂಲೆ ಮೂಲೆ ಹಿಂಡಿದೆ. ಅಂಗಡಿಯವನಿಗೆ ಅನುಮಾನ ಬಂತು. "ಈ ಲೈನಲ್ಲಿ ಇದ್ದೀರಾ?" ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಕಡ್ಡಿ, "ನಮ್ಮಮ್ಮ ಇದಾಳೆ," ಎಂದಳು. ಅವನು ನನ್ನ ಮುಖ ನೋಡಿದ. ಅವಳು "ಇವಳಲ್ಲ. ಅಮ್ಮ ಬೇರೆ," ಎಂದು ಬಿಡಿಸಿ ಹೇಳಿದಳು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

ಕಿಟಕಿಯದು ಮಾರಾಟಕ್ಕಿಲ್ಲ ಎಂದ. ಹೊರಟೆವು. ಮೆಟ್ಟಿಲ ತನಕ ಬಂದು ಕರೆದ. ನಿಮ್ಮ ಮಾತು ಅಕ್ಷರಶಃ ನಿಜವಾಯಿತು. ತಿಳಿನೀಲಿ ಬಣ್ಣ, ಬಾತಿನ ಪುಕ್ಕ, ಚೌಕದ ಹೊಲಿಗೆ, ಒಂದು ಅಂಚು ಬಿಸಿಲಿಗೆ ಬೆಳ್ಳಗಾಗಿದೆ. ಕಡ್ಡಿ ಆ ಅಂಚನ್ನೇ ತಲೆಯ ಕಡೆ ಇಟ್ಟುಕೊಳ್ಳುತ್ತಾಳೆ. ಮೊದಲ ರಾತ್ರಿ ಕೈಕಾಲು ಚಾಚಿ ಮಲಗಿದ್ದನ್ನು ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು.

ಷರತ್ತಿನಂತೆ ಕಳಿಸುತ್ತಿದ್ದೇನೆ. ಹೊಸದನ್ನು ಕೊಟ್ಟು ಕಳಿಸುವಾಗ ಸ್ವಲ್ಪ ಸಂಕಟವಾಯಿತು ಎಂದರೆ ಸುಳ್ಳಲ್ಲ.

ಇಂತಿ,
ಬೇಕರಿಯವಳು


ಡಿಸೆಂಬರ್ ೧, ಭಾನುವಾರ

ನಮಸ್ಕಾರ.

ರಜಾಯಿ ತಲುಪಿತು. ಆಯ್ಕೆ ಪರವಾಗಿಲ್ಲ. ಹೊಲಿಗೆ, ಮೂಲೆ, ಅಂಚು ಎಲ್ಲ ನೋಡಿದೆ. ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿದೆ ಎಂದೇ ಇಟ್ಟುಕೊಳ್ಳಿ, ತಪ್ಪು ಸಿಗಲಿಲ್ಲ.

ನಮ್ಮಲ್ಲಿ ಒಂದೇ ಮಂಚ. ಲಾಂಡ್ರಿಯ ಹಿಂದಿನ ಎರಡು ಕೋಣೆಯಲ್ಲಿ ಇನ್ನೊಂದು ಹಿಡಿಸುವುದಿಲ್ಲ. ಕಡ್ಡಿಯೂ ನಾನೂ ಒಂದೇ ಹೊದಿಕೆಯಲ್ಲಿ ಮಲಗುತ್ತೇವೆ. ಮೊದಲ ದಿನ ಅದನ್ನು ಮೈಮೇಲೆ ಎಳೆದುಕೊಂಡಾಗ ನನಗೆ ಬೇಕರಿಯ ಒಳಗೆ ಮಲಗಿದಂತಾಯಿತು. ನಿಮ್ಮಲ್ಲಿ ಅದು ಇದ್ದದ್ದು ಕೆಲವೇ ದಿನ, ಅಷ್ಟರಲ್ಲಿ ಬ್ರೆಡ್ಡು, ಬೆಣ್ಣೆ, ಏನೋ ಸಿಹಿ ಎಲ್ಲ ಅದರೊಳಗೆ ಹೋಗಿ ಕೂತಿದೆ. ಕಡ್ಡಿ ಉಸಿರೆಳೆದು "ಚಿಕ್ಕಿ ಮನೆ ವಾಸನೆ" ಎಂದಳು. ಸುಮ್ಮನೆ ಹೇಳಿದಳು, ಕಿಟಕಿಯಾಚೆ ನೋಡಿ ಮೋಡ ಎನ್ನುವ ಹಾಗೆ.

ಒಂದು ಮೂಲೆಯಲ್ಲಿ ಹಾಲಿನ ಕಲೆಯಂಥದ್ದು ಕಂಡಿತು. ಕಿಟಕಿಯಲ್ಲಿ ತೂಗಿದ್ದಕ್ಕೆ ಧೂಳೂ ಇರುತ್ತದೆ. ಒಗೆದಿದ್ದೇನೆ. ವಾರದ ಕೊನೆಯಲ್ಲಿ ಲಾಂಡ್ರಿಯ ಯಜಮಾನರು ಕೆಲಸದವರ ಬಟ್ಟೆಗೆ ಒಂದು ಯಂತ್ರ ಬಿಟ್ಟುಕೊಡುತ್ತಾರೆ. ಕಳಿಸುವ ಮುಂಚೆ ನಿನ್ನೆ ಇನ್ನೊಮ್ಮೆ ಹಾಕಿ ತೆಗೆದೆ. ನನ್ನ ಮನೆಯಿಂದ ಮಾಸಿದ್ದು ಬಂತು ಎಂದು ಯಾರೂ ಹೇಳಬಾರದು.

ನೀವು ಹಿಟ್ಟಿನಲ್ಲಿ ಮೊಲ ಮಾಡಿ ಸುಡುತ್ತೀರಂತೆ, ಕಣ್ಣಿಗೆ ದ್ರಾಕ್ಷಿ ಇಡುತ್ತೀರಂತೆ. ನನಗೆ ಟವೆಲ್ಲಿನಲ್ಲಿ ಮೊಲ ಮಡಿಸಲು ಬರುತ್ತದೆ. ಮಡಿಸಿ ತೋರಿಸಿದೆ. "ಚೆನ್ನಾಗಿದೆ ಅಮ್ಮ. ಆದ್ರೆ ಇದನ್ನ ತಿನ್ನಕ್ಕಾಗಲ್ಲ," ಎಂದಳು.

ಕಡ್ಡಿಯ ಅಮ್ಮ


ಡಿಸೆಂಬರ್ ೧೫, ಭಾನುವಾರ

ಕಡ್ಡಿಯ ಅಮ್ಮನವರಿಗೆ,

ರಜಾಯಿ ಬಹಳ ಶುಭ್ರವಾಗಿ ಬಂತು. ಹೋಟೆಲಿನದರ ಹಾಗಿತ್ತು.

ಆದರೆ ನಮ್ಮ ಮನೆಯಲ್ಲಿ ಅದರ ಮೇಲೆ ಹಾಲು ಚೆಲ್ಲಿಲ್ಲ. ಕಡ್ಡಿ ಮಂಚದ ಮೇಲೆ ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಇದನ್ನು ನಾನು ಯಾಕೆ ಬರೆಯುತ್ತಿದ್ದೇನೆಂದು ನಿಮಗೆ ಅರ್ಥವಾಗುತ್ತದೆ. ಇಡೀ ದಿನ ಒಲೆಯ ಮುಂದೆ ನಿಂತು ಬಂದು ಇವಳ ಕೋಣೆ ಗುಡಿಸಿ ಒರೆಸುತ್ತೇನೆ. ಕೊಳಕಿ ಎನ್ನಿಸಿಕೊಳ್ಳುವುದಕ್ಕಲ್ಲ.

ಬ್ರೆಡ್ಡಿನ ವಾಸನೆಗೆ ನಾನೇನು ಮಾಡಲಿ? ಕೂದಲಲ್ಲಿ, ಉಗುರಲ್ಲಿ ಎಲ್ಲ ಕಡೆ ಇದೆ. ಕಡ್ಡಿಯ ಅಪ್ಪನ ಗ್ರೀಸಿನ ವಾಸನೆಯಷ್ಟೇ ಹಠಮಾರಿ. ಈ ಸಲ ದಿನಾ ಬಿಸಿಲಿಗೆ ಹಾಕಿದ್ದೇನೆ. ಒಗೆಯಬೇಡಿ ಎಂದು ನೀವೇ ಬರೆದಿದ್ದಿರಿ, ಅದಕ್ಕೇ ಮುಟ್ಟಲಿಲ್ಲ.

ಇಂತಿ,
ಬೇಕರಿಯವಳು


ಡಿಸೆಂಬರ್ ೨೯, ಭಾನುವಾರ

ನಮಸ್ಕಾರ.

ಕೊಳಕಿ ಎಂದು ನಾನು ಬರೆದಿಲ್ಲ. ನೀವು ಓದಿಕೊಂಡಿದ್ದೀರಿ.

ಕಡ್ಡಿ ಬಂದ ದಿನ ಅವಳ ಜಡೆ ನೋಡಿದೆ. ಮೊದಲು ಏನೆಂದು ತಿಳಿಯಲಿಲ್ಲ. ಚಪ್ಪಟೆಯಾಗಿ, ಬಿಗಿಯಾಗಿ, ಒಂದು ಎಳೆಯೂ ಆಚೆ ಬರದ ಹಾಗಿತ್ತು. "ಚಿಕ್ಕಿ ಬ್ರೆಡ್ಡಿಗೆ ಹೆಣೆಯೋ ಹಾಗೇ ಹೆಣೆದಳು. ನಾಲ್ಕೆಳೆ," ಎಂದಳು. ಎರಡು ದಿನ ಬಿಚ್ಚಲು ಬಿಡಲಿಲ್ಲ. ಮೂರನೆಯ ದಿನ ಶಾಲೆಗೆ ಹೊರಡುವ ಮುಂಚೆ ನಾನೇ ಬಿಚ್ಚಿ ಹಾಗೆಯೇ ಹೆಣೆಯಲು ಕೂತೆ. ನಾಲ್ಕನೆಯ ಎಳೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹಿಡಿಯಲಾಗಲಿಲ್ಲ. "ಬಿಡಮ್ಮ, ನೀನು ಮೂರರಲ್ಲೇ ಹಾಕು," ಎಂದಳು. ಸಮಾಧಾನ ಮಾಡುವ ದನಿ. ಎಂಟು ವರ್ಷದ ಮಗಳು ತಾಯಿಯನ್ನು ಸಮಾಧಾನ ಮಾಡುವ ದನಿ ಕಲಿತದ್ದು ಎಲ್ಲಿ? ಅವಳ ತಲೆಗೂ ಸ್ನಾನ ಮಾಡಿಸಿದೆ.

ರಜಾಯಿ ಒಗೆದಿದ್ದೇನೆ. ಶಾಲೆಯಲ್ಲಿ ಎಲ್ಲರಿಗೂ ನೆಗಡಿಯಂತೆ. ನೆಗಡಿ ಬಟ್ಟೆಯಲ್ಲಿ ನಿಲ್ಲುತ್ತದೆ. ಕಳಿಸುವ ಮುಂಚೆಯೂ ಒಗೆದೆ. ಒದ್ದೆಯಾದ ಪುಕ್ಕದ ತೂಕ ನಿಮಗೆ ಗೊತ್ತಿರಲಾರದು. ಯಂತ್ರದಿಂದ ತೆಗೆಯುವಾಗ ತಬ್ಬಿಕೊಂಡೇ ತೆಗೆಯಬೇಕು, ಎದೆಯಿಂದ ಮೊಣಕಾಲ ತನಕ ನೆನೆಯುತ್ತದೆ. ಕಡ್ಡಿ ಪಕ್ಕದಲ್ಲಿ ಬುಟ್ಟಿಯ ಮೇಲೆ ಕೂತು ನೋಡುತ್ತಿದ್ದಳು. "ನೋಡು, ಪ್ರತಿ ಸಲ ನೀನು ಹೋಗಿಬಂದ್ರೆ ನನಗೆ ಈ ಹೆಣ ಹೊರೋ ಕೆಲಸ," ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. ನಿಮ್ಮ ತಮಾಷೆಗಳಿಗೆ ನಗುತ್ತಾಳಂತೆ.

ಅವಳು ಕೇಳಿದ ಒಂದು ಪ್ರಶ್ನೆಯನ್ನು ನಿಮಗೆ ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ. "ಅಮ್ಮ, ನಮ್ಮನೆಗೆ ಯಾಕೆ ಯಾವ ವಾಸನೇನೂ ಇಲ್ಲ?"

ಶುಭ್ರವಾಗಿರುವ ಮನೆಗೆ ವಾಸನೆ ಇರುವುದಿಲ್ಲ ಎಂದೆ.

ಕಡ್ಡಿಯ ಅಮ್ಮ


ಜನವರಿ ೧೨, ಭಾನುವಾರ

ಕಡ್ಡಿಯ ಅಮ್ಮನವರಿಗೆ,

ರಜಾಯಿ ಕೆಟ್ಟುಹೋಗಿದೆ.

ಕಡ್ಡಿ ಮತ್ತೆ ಮುದುಡಿಕೊಂಡು ಮಲಗಲು ಶುರು ಮಾಡಿದಳು. ಜ್ವರವೇ ಎಂದು ಹಣೆ ಮುಟ್ಟಿದೆ, ಕಾಲು ಮುಟ್ಟಿದೆ. ಕಾಲು ಐಸಿನ ಹಾಗಿತ್ತು. ಆಮೇಲೆ ರಜಾಯಿಯನ್ನೇ ಬೆಳಕಿಗೆ ಹಿಡಿದು ನೋಡಿದೆ. ಚೌಕಗಳ ಮೂಲೆಯಲ್ಲಿ ಪುಕ್ಕ ಗೋಲಿಯಂತೆ ಉಂಡೆಯಾಗಿದೆ. ಮಧ್ಯದಲ್ಲಿ ಏನೂ ಇಲ್ಲ, ಆಚೆಯ ದೀಪ ಕಾಣುತ್ತದೆ. ಮೂಲೆ ಹಿಂಡಿ ಬಿಟ್ಟರೆ ಮೇಲೇಳುವುದಿಲ್ಲ. ಅದು ಹೇಗೆ ಎದ್ದು ಬರಬೇಕೆಂದು ನನಗೆ ಕಲಿಸಿದವರು ನೀವೇ.

ಅಂಗಡಿಗೆ ತೆಗೆದುಕೊಂಡು ಹೋದೆವು. ಅವನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ನಾನು ಮಾರಿದ್ದು ಬಾತು. ನೀವು ತಂದಿರೋದು ನೆನೆದ ಕಾಗೆ. ಎಷ್ಟು ಸಲ ಒಗೆದ್ರಿ?"

"ನಾವು ಒಂದು ಸಲಾನೂ ಒಗೆದಿಲ್ಲ," ಎಂದೆ.

"ಹಾಗಾದ್ರೆ ಇದು ತಾನೇ ಹೋಗಿ ಸ್ನಾನ ಮಾಡ್ಕೊಂಡು ಬಂತಾ?"

ಕಡ್ಡಿಯ ಅಪ್ಪ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ನಿಮ್ಮ ಹೆಸರು ಅಲ್ಲಿ ಎತ್ತಲಿಲ್ಲ. ಇಲ್ಲಿ ಎತ್ತುತ್ತೇನೆ. ಬಂದಾಗ ಒಂದು ಸಲ, ಕಳಿಸುವಾಗ ಒಂದು ಸಲ, ಪ್ರತಿ ಬಾರಿಯೂ. ಹಾಲೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ನೀವು ಒಗೆದದ್ದು ನನ್ನನ್ನು. ಅದು ನನಗೆ ಮೊದಲ ಸಲವೇ ಗೊತ್ತಾಗಿತ್ತು. ನನ್ನನ್ನು ಎಷ್ಟಾದರೂ ಒಗೆಯಿರಿ, ಆದರೆ ಚಳಿಯಾಗುತ್ತಿರುವುದು ಮಗುವಿಗೆ.

ಇನ್ನೊಂದು ವಿಷಯವನ್ನು ನಾನು ಹೇಳದಿದ್ದರೆ ಅವಳ ಅಪ್ಪ ಫೋನಿನಲ್ಲಿ ಹೇಳುತ್ತಾರೆ, ಅದು ಜಗಳವಾಗುತ್ತದೆ. ಕಡ್ಡಿ ಈ ಸಲ ನಿಮ್ಮಲ್ಲಿಂದ ಬಂದ ಮೇಲೆ ಚಳಿ ಮುಗಿಯುವವರೆಗೂ ಇಲ್ಲೇ ಇರುತ್ತೇನೆ ಎನ್ನುತ್ತಿದ್ದಾಳೆ. ಯಾಕೆ ಎಂದರೆ ಹೇಳುವುದಿಲ್ಲ. ನಾನು ಹೇಳಿಕೊಟ್ಟದ್ದಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಬೇಕರಿಯವಳು


ಜನವರಿ ೨೬, ಭಾನುವಾರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ. ಒಗೆದಿದ್ದೇನೆ. ಒಗೆಯುವುದು ನನ್ನ ಕೆಲಸ. ನಿಮ್ಮ ಮನೆಯಿಂದ ಬಂದದ್ದು ನಿಮ್ಮ ಮನೆಯ ಹಾಗೆ ಇದ್ದರೆ ನಾನು ಅದರಡಿಯಲ್ಲಿ ಹೇಗೆ ಮಲಗಲಿ? ನಿಮ್ಮ ಅಡುಗೆಮನೆಯನ್ನು ನನ್ನ ಮಂಚದ ಮೇಲೆ ಹಾಸಿಕೊಂಡು, ನನ್ನ ಮಗಳು ಅದನ್ನು ಮೂಸಿ ನಗುವುದನ್ನು ನೋಡಿಕೊಂಡು? ನೀವು ಮಲಗಿ ನೋಡಿ.

ನಿಮಗೆ ಎಲ್ಲವೂ ಸಿಕ್ಕಿದೆ. ಸಿಗಲಿ. ಅವರೂ ಸಿಕ್ಕರು, ಅವರ ಟೇಪೂ ಸಿಕ್ಕಿತು. ಮೊಲ, ನಾಲ್ಕೆಳೆಯ ಜಡೆ, ಬಿಸಿಬಿಸಿ ವಾಸನೆಯ ಮನೆ ಎಲ್ಲ ನಿಮ್ಮವೇ. ನನಗೆ ತಿಂಗಳಲ್ಲಿ ಅರ್ಧ ಇದೆ. ಆ ಅರ್ಧಕ್ಕೆ ಕೈ ಹಾಕಬೇಡಿ.

ಕಡ್ಡಿಯನ್ನು ಕೇಳಿದೆ.

"ನಿನಗೆ ಇಲ್ಲಿ ಚಳಿಯಾಗುತ್ತಾ?"

"ಇಲ್ಲ."

"ನನ್ನ ಮೇಲೆ ಕೋಪಾನಾ?"

"ಇಲ್ಲ."

"ಮತ್ತೆ ಅಲ್ಲೇ ಇರ್ತೀನಿ ಅಂದ್ಯಂತೆ?"

"ಸುಮ್ನೆ."

ಬೂಟಿನ ಲೇಸು ಕಟ್ಟುವುದರಲ್ಲೇ ಇದ್ದಳು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು.

ರಜಾಯಿ ಸರಿ ಮಾಡಿದ್ದೇನೆ. ಪ್ರತಿ ಚೌಕದ ಒಂದು ಬದಿ ಬಿಚ್ಚಿ, ಗಂಟುಗಳನ್ನು ಕೈಯಿಂದ ಬಿಡಿಸಿ, ಸತ್ತ ಪುಕ್ಕ ತೆಗೆದು, ನನ್ನ ದಿಂಬಿನ ಪುಕ್ಕ ತುಂಬಿದೆ. ನನ್ನ ದಿಂಬು ಈಗ ಮಡಿಸಿದ ಟವೆಲ್ಲು. ಕೊನೆಗೆ ಒಮ್ಮೆ ಒಗೆದು, ಒಣಗಿಸುವ ಯಂತ್ರದಲ್ಲಿ ಟೆನಿಸ್ ಚೆಂಡುಗಳನ್ನು ಹಾಕಿ ತಿರುಗಿಸಿದೆ. ಚೆಂಡು ಬಡಿದರೆ ಪುಕ್ಕ ಬಿಡಿಬಿಡಿಯಾಗುತ್ತದೆ. ಒಳ್ಳೆಯ ಕೆಲಸವಾಗಿದೆ. ನಿಮ್ಮ ಅಂಗಡಿಯವನಿಗೆ ತೋರಿಸಿ.

ಫೆಬ್ರವರಿ ಒಂಬತ್ತಕ್ಕೆ ನನ್ನ ಮಗಳು ಇಲ್ಲಿರಬೇಕು.

ಕಡ್ಡಿಯ ಅಮ್ಮ


ಫೆಬ್ರವರಿ ೯, ಭಾನುವಾರ

ಕಡ್ಡಿಯ ಅಮ್ಮನವರಿಗೆ,

ಕಡ್ಡಿಯನ್ನು ಕಳಿಸಿದ್ದೇನೆ. ಅವಳ ಮಾತು ಕೇಳಿ ಇಲ್ಲೇ ಉಳಿಸಿಕೊಳ್ಳಲಿಲ್ಲ. ಯಾಕೆಂದು ಬರೆಯಲು ಕೂತಿದ್ದೇನೆ. ಬರೆಯದಿದ್ದರೆ ನನಗೇ ಲಾಭ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನೀವು ಸರಿ ಮಾಡಿದ ರಜಾಯಿ ಮೊದಲಿಗಿಂತ ಚೆನ್ನಾಗಿ ಉಬ್ಬಿದೆ. ಬೆಚ್ಚಗಿದೆ. ಅದರಲ್ಲಿ ನಿಮ್ಮ ದಿಂಬಿನ ಪುಕ್ಕ ಇದೆಯೆಂದು ಕಡ್ಡಿಗೆ ಗೊತ್ತಿತ್ತು.

ನಿಮ್ಮಲ್ಲಿಂದ ಬಂದ ದಿನ ಮಲಗುವ ಹೊತ್ತಿಗೆ ಅವಳು ಪ್ರತಿ ಸಲವೂ ರಜಾಯಿಯನ್ನು ತಲೆಯ ಮೇಲೆ ಎಳೆದುಕೊಂಡು ಒಳಗೇ ಬಹಳ ಹೊತ್ತು ಇರುತ್ತಾಳೆ. ನಾನು ಅದನ್ನು ಆಟ ಎಂದುಕೊಂಡಿದ್ದೆ. ಈ ಸಲ ಒಳಗೆ ತೆವಳುತ್ತಿದ್ದಳು. ಒಂದು ಚೌಕ ಬಿಟ್ಟು ಇನ್ನೊಂದು ಚೌಕಕ್ಕೆ ಮೂಗು ಒತ್ತುತ್ತ ಹೋಗುತ್ತಿರುವುದು ಹೊರಗಿನಿಂದ ಕಾಣುತ್ತಿತ್ತು.

"ಏನೇ ಮಾಡ್ತಿದೀಯ ಅಲ್ಲಿ?" ಎಂದೆ.

"ಅಮ್ಮನ್ನ ಹುಡುಕ್ತಿದೀನಿ."

"ಸಿಕ್ಕಳಾ?"

"ಇಲ್ಲ. ಎಲ್ಲಾ ಕಡೆ ಸೋಪು." ಇನ್ನೊಂದು ಚೌಕಕ್ಕೆ ತೆವಳಿದಳು. ಆಮೇಲೆ ಕೇಳಿದಳು, "ಚಿಕ್ಕಿ, ಅಮ್ಮ ಯಾಕೆ ತನ್ನನ್ನ ಒಗೆದು ಕಳಿಸ್ತಾಳೆ?"

ನಾನು ಪಕ್ಕದಲ್ಲಿ ಕೂತೆ. ಚಳಿ ಮುಗಿಯುವವರೆಗೆ ಇಲ್ಲೇ ಇರುತ್ತೇನೆ ಎಂದದ್ದು ಯಾಕೆ ಎಂದು ಮತ್ತೆ ಕೇಳಿದೆ. ಒಳಗಿನಿಂದಲೇ ಹೇಳಿದಳು. "ನಾನು ಹೋಗ್ಬಂದು ಮಾಡಿದ್ರೆ ಅಮ್ಮ ಒಗೀಬೇಕಲ್ಲ. ಅದು ಎಷ್ಟು ಭಾರ ಗೊತ್ತಾ? ಅಮ್ಮನ ಬಟ್ಟೆ ಎಲ್ಲ ಒದ್ದೆ ಆಗುತ್ತೆ. ಹೋಗ್ದೇ ಇದ್ರೆ ಒಗೆಯೋದೇ ಬೇಡ."

ಇಷ್ಟೇ. ಅವಳಿಗೆ ನನ್ನ ಮನೆ ಹೆಚ್ಚು ಬೆಚ್ಚಗಿತ್ತೆಂದಲ್ಲ. ಹಾಗೆಂದು ನಾನೂ ಅಂದುಕೊಂಡಿದ್ದೆ, ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದ್ದೆ.

ನನಗೂ ಹೊಟ್ಟೆಯಿದೆ, ಅದರಲ್ಲಿ ಕಿಚ್ಚೂ ಇದೆ. ಬೇಕರಿಯವಳಿಗೆ ಕಿಚ್ಚಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಜಡೆ ಹೆಣೆದೆ, ಮೊಲ ಮಾಡಿದೆ, ರಜಾಯಿ ಆರಿಸಿದೆ. ಈ ಹುಡುಗಿ ಒಂದು ದಿನವೂ ನನ್ನನ್ನು ಎಲ್ಲಿಯೂ ಹುಡುಕಿಲ್ಲ. ನಾನು ಅಲ್ಲೇ ಒಲೆಯ ಮುಂದೆ ಇರುತ್ತೇನೆ, ಕಾಣುತ್ತೇನೆ, ಅಷ್ಟೆ. ಇಲ್ಲದಿರುವಾಗಲೂ ಚೌಕ ಚೌಕವಾಗಿ ಹುಡುಕಿಸಿಕೊಳ್ಳುವುದು ನಿಮಗೆ ಮಾತ್ರ ಸಿಕ್ಕಿದೆ. ಅದನ್ನು ನೀವು ಬಿಸಿನೀರಿಗೆ ಹಾಕಿ ತಿರುಗಿಸುತ್ತಿದ್ದೀರಿ.

ಒಗೆಯಬೇಡಿ.

ಇಂತಿ,
ಚಿಕ್ಕಿ (ಹೀಗೇ ಬರೆಯುತ್ತೇನೆ. ನನಗೆ ಇರುವುದು ಇದೊಂದೇ ಹೆಸರು.)


ಫೆಬ್ರವರಿ ೨೩, ಭಾನುವಾರ

ಚಿಕ್ಕಿಗೆ,

ನಿಮ್ಮ ಕಾಗದವನ್ನು ಕಡ್ಡಿ ಬಂದ ದಿನವೇ ಓದಿದೆ. ಓದಿಯೂ ರಜಾಯಿಯನ್ನು ಎತ್ತಿಕೊಂಡು ಯಂತ್ರದ ಹತ್ತಿರ ಹೋದೆ. ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಒಳಗೆ ತುರುಕಿದೆ. ಕಡ್ಡಿ ಬುಟ್ಟಿಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ, ಪೆನ್ಸಿಲ್ ಮಾತ್ರ ನಿಂತಿತು. ನಾನು ಅದನ್ನು ಆಚೆಗೆಳೆದೆ.

"ಯಾಕಮ್ಮ?"

"ಮೆಷಿನ್ ಖಾಲಿ ಇಲ್ಲ."

"ಖಾಲಿ ಇದೆಯಲ್ಲ."

"ಇಲ್ಲ ಅಂದ್ನಲ್ಲ."

ಅವಳು ಮತ್ತೆ ಬರೆಯತೊಡಗಿದಳು. ಏಳರ ಮಗ್ಗಿಯನ್ನು ಬಾಯಲ್ಲಿ ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದಳು. ಅದಕ್ಕೆ ಹಾಡಿನಂಥದ್ದೇನೂ ಇಲ್ಲ.

ಮೊದಮೊದಲು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ನಿಮ್ಮ ಬ್ರೆಡ್ಡು ಅಲ್ಲಿಗೂ ಬಂತು. ನನಗೆ ಅದು ಇಷ್ಟವಾಗಲಿಲ್ಲ, ಈಗಲೂ ಇಲ್ಲ. ವಾರ ಕಳೆದ ಮೇಲೆ ಸ್ವಲ್ಪ ತೆಳುವಾಯಿತು. ಪೂರ್ತಿ ಹೋಗಿಲ್ಲ. ಕಡ್ಡಿ ಕೈಕಾಲು ಚಾಚಿ ಮುಕ್ಕಾಲು ಮಂಚ ಹಿಡಿದು ಮಲಗಿದಳು, ನನಗೆ ಅಂಚು ಉಳಿಯಿತು, ಆ ಬೆಳ್ಳಗಾದ ಅಂಚು. ಬೆಚ್ಚಗಿತ್ತು.

ನಾಲ್ಕೆಳೆಯ ಜಡೆ ಅವಳೇ ಹೇಳಿಕೊಟ್ಟಳು, ಬೊಂಬೆಯ ತಲೆಯ ಮೇಲೆ. ಇವತ್ತು ಹಾಕಿ ಕಳಿಸಿದ್ದೇನೆ. ನಿಮ್ಮಷ್ಟು ಬಿಗಿಯಾಗಿಲ್ಲ. ಬಿಚ್ಚಿ ಸರಿ ಮಾಡಬೇಡಿ.

ರಜಾಯಿ ಒಗೆದಿಲ್ಲ. ಕಳಿಸುವ ಮುಂಚೆ ಕೊಡವಿದೆ ಅಷ್ಟೆ.

ಒಂದು ಕೆಲಸ ಹೇಳಬೇಕಾಗಿದೆ. ಬೇರೆ ಯಾರಿಗೂ ಹೇಳಲಾಗುವುದಿಲ್ಲ, ಅದಕ್ಕೇ ನಿಮಗೆ. ಈ ಉದ್ಯೋಗದಲ್ಲಿ ಎಷ್ಟೋ ಮನೆಗಳ ಹೊದಿಕೆ ಮೂಸಿದ್ದೇನೆ. ಯಾರು ಬೀಡಿ ಸೇದುತ್ತಾರೆ, ಯಾರ ಮನೆಗೆ ಮಗು ಬಂದಿದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ಮೂಟೆ ಬಿಚ್ಚುವಾಗಲೇ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಇದನ್ನು ಮಡಿಸುವ ಮುಂಚೆ ಮೂಸಿದೆ. ನಿಮ್ಮ ಒಲೆ ಇದೆ. ಒಂದು ಮೂಲೆಯಲ್ಲಿ ಗ್ರೀಸು ಇದೆ. ಕಡ್ಡಿಯ ತಲೆ, ಅವಳ ರಬ್ಬರು, ಪೆನ್ಸಿಲ್ ಕೂಡ ಇದೆ. ಎರಡು ವಾರ ಹೊದ್ದ ನನ್ನದು ಮಾತ್ರ ಸಿಗಲಿಲ್ಲ. ಅವರವರ ವಾಸನೆ ಅವರವರ ಮೂಗಿಗೆ ತಿಳಿಯುವುದಿಲ್ಲವಂತೆ. ಅಥವಾ ಒಗೆದು ಒಗೆದು ನನ್ನಲ್ಲಿ ಏನೂ ಉಳಿದಿಲ್ಲವೋ, ಅದೂ ಗೊತ್ತಿಲ್ಲ.

ಇವತ್ತು ಅವಳು ತಲೆಯ ಮೇಲೆ ಎಳೆದುಕೊಳ್ಳುವ ಮುಂಚೆ ನೀವೊಮ್ಮೆ ಮೂಸಿ ನೋಡಿ. ನಾನು ಅದರಲ್ಲಿದ್ದೇನೆಯೋ ಇಲ್ಲವೋ, ಬರೆಯಿರಿ.

ಕಡ್ಡಿಯ ಅಮ್ಮ